ಪ್ರಬಲಿತ ಕಾಂಕ್ರೀಟು ಕಟ್ಟಡಗಳ ನಿರ್ವಹಣೆ ಮತ್ತು ಸಂರಕ್ಷಣೆ

ಉಕ್ಕಿನ ಸರಳುಗಳನ್ನು ಒಡಲಲ್ಲಿ ಹುದುಗಿಸಿಕೊಂಡ ಕಾಂಕ್ರೀಟಿಗೆ ಪ್ರಬಲಿತ ಕಾಂಕ್ರೀಟು ಎಂದು ಹೆಸರು. ಬಳಕೆಯ ಮಾತಿನಲ್ಲಿ ಆರ್‌ಸಿಸಿ. ಇದರಿಂದ ಕಟ್ಟಿದ ರಚನೆಗಳು ಬಾಳಿಕೆಯುದ್ದಕ್ಕೂ ಸುರಕ್ಷಿತವಾಗಿರುವಂತೆ ನೋಡಿಕೊಳ್ಳುವುದು ನಿರ್ವಹಣೆ. ಕೆಟ್ಟ ಭಾಗವನ್ನು ಮತ್ತೆ ಕೆಲಸಕ್ಕೆ ಬರುವಂತೆ ಮಾಡುವುದು ದುರಸ್ತಿ. ಐತಿಹಾಸಿಕ ಅಥವಾ ಕಲಾತ್ಮಕ ಮೌಲ್ಯವುಳ್ಳ ಕಟ್ಟಡವನ್ನು ಅದರ ಮೂಲ ದ್ರವ್ಯ ಮತ್ತು ರೂಪ ಕೆಡದಂತೆ ಮುಂದಿನವರಿಗೆ ದಾಟಿಸುವುದು ಸಂರಕ್ಷಣೆ. ಮೂರಕ್ಕೂ ತಳಹದಿ ಒಂದೇ: ಕಾಂಕ್ರೀಟು ಕೆಡುವುದು ಹೇಗೆಂಬ ತಿಳಿವಳಿಕೆ. ಒಮ್ಮೆ ಮೋಲ್ಡ್ ಹಾಕಿದರೆ ಮತ್ತೆ ನೋಡುವ ಅಗತ್ಯವಿಲ್ಲ ಎಂಬ ನಂಬಿಕೆ ಬಹುಕಾಲ ಬೇರೂರಿತ್ತು. ಕಟ್ಟಡಗಳ ಅಕಾಲ ಮುಪ್ಪಿಗೆ ಈ ನಂಬಿಕೆಯೂ ಒಂದು ದೊಡ್ಡ ಕಾರಣ.

ಹಿನ್ನೆಲೆ

1824ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದ. ಕಾಂಕ್ರೀಟಿನೊಳಗೆ ಕಬ್ಬಿಣ ಸೇರಿಸುವ ಪ್ರಯೋಗಗಳು ಹೆಚ್ಚಾಗಿ ಫ್ರಾನ್ಸಿನಲ್ಲಿ ನಡೆದವು. ತೋಟಗಾರನಾಗಿದ್ದ ಜೋಸೆಫ್ ಮೋನಿಯೆ 1867ರಲ್ಲಿ ಕಬ್ಬಿಣದ ಬಲೆ ಸೇರಿಸಿದ ಸಿಮೆಂಟಿನ ಗಿಡದ ತೊಟ್ಟಿಗಳಿಗೆ ಹಕ್ಕುಪತ್ರ ಪಡೆದ. ಕಂಬ, ತೊಲೆ, ಚಾವಣಿಗಳನ್ನು ಒಂದೇ ಒಡಲಾಗಿ ಎರಕ ಹೊಯ್ಯುವ ಪದ್ಧತಿಗೆ ಫ್ರಾನ್ಸ್ವಾ ಎನ್‌ಬಿಕ್ 1892ರಲ್ಲಿ ಹಕ್ಕುಪತ್ರ ಪಡೆದು ಹಲವು ದೇಶಗಳಿಗೆ ಹರಡಿದ. ಅಮೆರಿಕದ ಸಿನ್ಸಿನಾಟಿಯಲ್ಲಿ 1903ರಲ್ಲಿ 16 ಅಂತಸ್ತಿನ ಪ್ರಬಲಿತ ಕಾಂಕ್ರೀಟಿನ ಕಟ್ಟಡವೇ ಎದ್ದು ನಿಂತಿತು. ಭಾರತದಲ್ಲಿ 1914ರಲ್ಲಿ ಪೋರಬಂದರಿನ ಕಾರ್ಖಾನೆ ಸಿಮೆಂಟು ತಯಾರಿಕೆಗೆ ತೊಡಗಿದ ಮೇಲೆ ಈ ವಿಧಾನ ನಿಧಾನವಾಗಿ ಊರೂರಿಗೆ ಬಂತು. ಇಂದು ನಗರಗಳಲ್ಲಿ ಮನೆ, ಶಾಲೆ, ಆಸ್ಪತ್ರೆಗಳ ಬಹುಪಾಲು ಇದರಿಂದಲೇ ಕಟ್ಟಿದ್ದು. ಹೀಗೆ ಕಟ್ಟಿದ್ದು ಒಂದು ಶತಮಾನದ ಸಾಧನೆಯಾದರೆ, ಕಟ್ಟಿದ್ದನ್ನು ಕಾಪಾಡುವುದು ಮುಂದಿನ ಶತಮಾನದ ಹೊಣೆ.

ಕಾಂಕ್ರೀಟು ಮತ್ತು ಉಕ್ಕಿನ ನಂಟು

ಕಾಂಕ್ರೀಟು ಭಾರ ಹೇರಿ ಅದುಮಿದರೆ ತಡೆಯುತ್ತದೆ, ಹಿಡಿದೆಳೆದರೆ ಬಿರಿಯುತ್ತದೆ. ಅದರ ಎಳೆತ ತಾಳುವ ಶಕ್ತಿ ಅದುಮು ತಾಳುವ ಶಕ್ತಿಯ ಸುಮಾರು ಹತ್ತನೆಯ ಒಂದು ಭಾಗ. ಆದ್ದರಿಂದ ಎಳೆತ ಬೀಳುವ ಕಡೆ, ಅಂದರೆ ತೊಲೆಯ ನಡುವಿನ ತಳಭಾಗದಲ್ಲಿ, ಸಜ್ಜಾ ಮತ್ತು ಬಾಲ್ಕನಿಗಳ ಮೇಲ್ಭಾಗದಲ್ಲಿ, ಉಕ್ಕಿನ ಸರಳುಗಳನ್ನು ಇಡುತ್ತಾರೆ. ಬಿಸಿಲಿಗೆ ಎರಡೂ ವಸ್ತುಗಳು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದರಿಂದ ಒಂದನ್ನೊಂದು ಬಿಟ್ಟುಕೊಡುವುದಿಲ್ಲ.

ಈ ನಂಟಿಗೆ ರಾಸಾಯನಿಕ ಮುಖವೂ ಇದೆ. ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುವಾಗ ಕ್ಯಾಲ್ಸಿಯಂ ಹೈಡ್ರಾಕ್ಸೈಡು ಹುಟ್ಟುತ್ತದೆ. ಹೊಸ ಕಾಂಕ್ರೀಟಿನ ಒಳಗಿನ ತೇವ ತೀವ್ರ ಕ್ಷಾರೀಯವಾಗಿರುತ್ತದೆ. ಅದರ ಪಿಎಚ್ ಮಟ್ಟ 12.5ಕ್ಕಿಂತ ಮೇಲಿರುತ್ತದೆ. ಅಷ್ಟು ಕ್ಷಾರವಿದ್ದಲ್ಲಿ ಉಕ್ಕಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡು ಪೊರೆ ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ಈ ಪೊರೆ ಇರುವ ತನಕ ಸರಳಿಗೆ ಭಯವಿಲ್ಲ. ನಿರ್ವಹಣೆಯ ಶಾಸ್ತ್ರವೆಲ್ಲ ಈ ಪೊರೆಯನ್ನು ಕಾಯುವ ಶಾಸ್ತ್ರವೆಂದರೂ ಸರಿಯೆ.

ಕೆಡುವ ಬಗೆಗಳು

ಕಾರ್ಬೊನೇಷನ್: ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳೊಳಗೆ ಇಳಿದು ಅಲ್ಲಿನ ಸುಣ್ಣದ ಅಂಶದೊಡನೆ ಕೂಡಿ ಕ್ಯಾಲ್ಸಿಯಂ ಕಾರ್ಬೊನೇಟಾಗುತ್ತದೆ. ಆಗ ಕ್ಷಾರ ಇಳಿದು ಪಿಎಚ್ ಮಟ್ಟ 9ಕ್ಕಿಂತ ಕೆಳಗೆ ಬರುತ್ತದೆ, ಪೊರೆ ಕರಗುತ್ತದೆ. ಈ ಕ್ರಿಯೆ ಮೇಲ್ಮೈಯಿಂದ ಒಳಕ್ಕೆ ಸಾಗುತ್ತದೆ. ಅದು ಸಾಗುವ ಆಳ ಕಾಲದ ವರ್ಗಮೂಲಕ್ಕೆ ಅನುಗುಣ. ಒಂದು ಕಾಂಕ್ರೀಟಿನಲ್ಲಿ 10 ಮಿಲಿಮೀಟರ್ ದಾಟಲು 10 ವರ್ಷ ಹಿಡಿದರೆ, 20 ಮಿಲಿಮೀಟರ್ ದಾಟಲು 40 ವರ್ಷ ಹಿಡಿಯುತ್ತದೆ. ಸರಳಿನ ಮೇಲೆ 20 ಮಿಲಿಮೀಟರ್ ಕವರ್, ಅಂದರೆ ಕಾಂಕ್ರೀಟಿನ ಹೊದಿಕೆ, ಇರಬೇಕಾದ ಕಡೆ, ಕವರ್ ಬ್ಲಾಕ್ ಇಡದ ಅಜಾಗರೂಕತೆಯಿಂದ 10 ಮಾತ್ರ ಉಳಿದರೆ, ಈ ರಕ್ಷಣೆಯ ಕಾಲದಲ್ಲಿ ಮುಕ್ಕಾಲು ಪಾಲು ಕಟ್ಟುವ ದಿನವೇ ಹೋದಂತೆ.

ಕ್ಲೋರೈಡು: ಕಡಲ ಗಾಳಿ, ಉಪ್ಪುನೀರು, ತೊಳೆಯದ ಅಳಿವೆಯ ಮರಳು, ಕೊಳವೆಬಾವಿಯ ಸವುಳು ನೀರು ಇವುಗಳಿಂದ ಉಪ್ಪಿನ ಅಂಶ ಕಾಂಕ್ರೀಟನ್ನು ಸೇರುತ್ತದೆ. ಬೇಗ ಗಟ್ಟಿಯಾಗಲೆಂದು ಹಿಂದೆ ಕ್ಯಾಲ್ಸಿಯಂ ಕ್ಲೋರೈಡನ್ನು ಬೆರೆಸುವ ರೂಢಿಯೂ ಇತ್ತು. ಕ್ಷಾರ ಸಾಕಷ್ಟಿದ್ದರೂ ಕ್ಲೋರೈಡು ಪೊರೆಯನ್ನು ಅಲ್ಲಲ್ಲಿ ತೂತು ಮಾಡಿ, ಸರಳನ್ನು ಒಂದೊಂದು ಕಡೆ ಆಳವಾಗಿ ಕೊರೆಯುತ್ತದೆ. ಹೊರಗೆ ಹೆಚ್ಚು ಗುರುತು ಕಾಣದೆ ಒಳಗೆ ಸರಳು ಸವೆದಿರಬಹುದಾದ್ದರಿಂದ ಇದು ಹೆಚ್ಚು ಅಪಾಯಕಾರಿ. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯಲ್ಲಿ ಉಪ್ಪುಗಾಳಿಯೂ ದೀರ್ಘ ಮಳೆಗಾಲವೂ ಒಟ್ಟಿಗೆ ಸೇರುವುದರಿಂದ ಅಲ್ಲಿನ ಕಟ್ಟಡಗಳಿಗೆ ಬಯಲುಸೀಮೆಯ ಲೆಕ್ಕ ಸಾಲದು.

ತುಕ್ಕಿನ ಒತ್ತಡ: ತುಕ್ಕಿಗೆ ನೀರೂ ಬೇಕು, ಆಮ್ಲಜನಕವೂ ಬೇಕು. ಸದಾ ಮುಳುಗಿರುವ ಕಂಬಕ್ಕಿಂತ ತೋಯ್ದು ಒಣಗಿ ಮತ್ತೆ ತೋಯುವ ಕಂಬ ಬೇಗ ಕೆಡುವುದು ಇದರಿಂದಲೇ. ತುಕ್ಕು ಮೂಲ ಉಕ್ಕಿಗಿಂತ 2ರಿಂದ 6 ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಎಳೆತ ತಾಳದ ಕಾಂಕ್ರೀಟು ಒಳಗಿನ ಈ ಒತ್ತಡಕ್ಕೆ ಸರಳಿನ ಉದ್ದಕ್ಕೂ ಸೀಳುತ್ತದೆ. ಸೀಳಿನಿಂದ ಮತ್ತಷ್ಟು ನೀರು ಇಳಿಯುತ್ತದೆ, ಕೊನೆಗೆ ಚಕ್ಕೆ ಕಳಚಿ ಬೀಳುತ್ತದೆ.

ಇತರ ಕಾರಣಗಳು: ಕೆಲವು ಬಗೆಯ ಜಲ್ಲಿಯಲ್ಲಿರುವ ಸಿಲಿಕಾ ಸಿಮೆಂಟಿನ ಕ್ಷಾರದೊಡನೆ ವರ್ತಿಸಿ ಉಬ್ಬುವುದನ್ನು ಕ್ಯಾಲಿಫೋರ್ನಿಯಾದ ಥಾಮಸ್ ಸ್ಟಾಂಟನ್ 1940ರಲ್ಲಿ ವಿವರಿಸಿದ. ನೆಲದಲ್ಲಿರುವ ಸಲ್ಫೇಟು ಅಡಿಪಾಯವನ್ನು ತಿನ್ನುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಅಡಿಪಾಯ ಅಲುಗಾಡಿ ಗೋಡೆ, ತೊಲೆಗಳು ಬಿರಿಯಬಹುದು. ಬೆಂಕಿ, ಭೂಕಂಪ, ಮಿತಿಮೀರಿದ ಭಾರ ಇವು ಉಳಿದವು. ಹೆಚ್ಚು ನೀರು ಬೆರೆಸಿ ಕಲಸಿದ್ದು, ಸರಿಯಾಗಿ ಕುಟ್ಟದೆ ಜೇನುಗೂಡಿನಂತೆ ಟೊಳ್ಳು ಉಳಿದದ್ದು, ಸಾಕಷ್ಟು ದಿನ ನೀರುಣಿಸದೆ ಬಿಟ್ಟದ್ದು ಹೀಗೆ ಕಟ್ಟುವಾಗಿನ ತಪ್ಪುಗಳು ಈ ಎಲ್ಲ ಕಾರಣಗಳಿಗೂ ಬಾಗಿಲು ತೆರೆದುಕೊಡುತ್ತವೆ.

ಲಕ್ಷಣಗಳು

ಬಿರುಕಿನ ದಿಕ್ಕು ರೋಗದ ಹೆಸರು ಹೇಳುತ್ತದೆ. ತೊಲೆ ಅಥವಾ ಕಂಬದ ಉದ್ದಕ್ಕೂ ಸರಳಿನ ಗೆರೆಯನ್ನೇ ಹಿಡಿದು ಸಾಗಿದ ಬಿರುಕು ಸಾಮಾನ್ಯವಾಗಿ ತುಕ್ಕಿನದು. ತೊಲೆಯ ನಡುವೆ ತಳದಿಂದ ಮೇಲೇರಿದ್ದು ಬಾಗುವಿಕೆಯದು. ಕಂಬದ ಬಳಿ ಓರೆಯಾಗಿ ಬಿದ್ದದ್ದು ಕತ್ತರಿಸುವ ಬಲದ್ದು, ಅದಕ್ಕೆ ತಡಮಾಡದೆ ಎಂಜಿನಿಯರನ್ನು ಕರೆಯಬೇಕು. ಬಲೆಯಂತೆ ಹರಡಿದ ಸಣ್ಣ ಬಿರುಕುಗಳು ಬೇಗ ಒಣಗಿದ್ದರಿಂದ ಆಗಿರಬಹುದು, ಜಲ್ಲಿಯ ಉಬ್ಬರದಿಂದಲೂ ಆಗಿರಬಹುದು. ಕಂದು ಕಲೆ, ಚಾವಣಿಯ ತಳದಲ್ಲಿ ಬಿಳಿ ಉಪ್ಪಿನ ಪೊರೆ, ಬಡಿದಾಗ ಟೊಳ್ಳು ಸದ್ದು, ಬಾಗಿಲು ಹಠಾತ್ತನೆ ಬಿಗಿಯಾಗುವುದು ಇವೂ ಸೂಚನೆಗಳೇ. ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಅದರ ಮೇಲೆ ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆಯುವುದು ಹಳೆಯ, ಸರಳ ಉಪಾಯ. ಅಲುಗಿದರೆ ಗಾಜು ಒಡೆಯುತ್ತದೆ.

ತಪಾಸಣೆ

ಮೊದಲ ಸಾಧನ ಕಣ್ಣು, ಎರಡನೆಯದು ಸಣ್ಣ ಸುತ್ತಿಗೆ. ಅನಂತರ ಉಪಕರಣಗಳು. ಸ್ವಿಟ್ಜರ್ಲೆಂಡಿನ ಅರ್ನ್ಸ್ಟ್ ಶ್ಮಿಟ್ ರೂಪಿಸಿದ ಪುಟಿ ಸುತ್ತಿಗೆ ಮೇಲ್ಮೈ ಎಷ್ಟು ಗಟ್ಟಿ ಎಂಬುದನ್ನು ತೋರಿಸುತ್ತದೆ. ಕಾರ್ಬೊನೇಷನ್ ಆದ ಮೇಲ್ಮೈ ಗಡುಸಾಗುವುದರಿಂದ ಹಳೆಯ ಕಟ್ಟಡಗಳಲ್ಲಿ ಇದು ಇಲ್ಲದ ಬಲವನ್ನು ತೋರಿಸೀತು; ಇದೊಂದನ್ನೇ ನಂಬಬಾರದು. ಶ್ರವಣಾತೀತ ತರಂಗ ಪರೀಕ್ಷೆಯಲ್ಲಿ ತರಂಗದ ವೇಗ ಸೆಕೆಂಡಿಗೆ 3 ಕಿಲೋಮೀಟರಿಗಿಂತ ಕಡಿಮೆ ಬಂದರೆ ಒಳಗಿನ ಕಾಂಕ್ರೀಟಿನ ಗುಣಮಟ್ಟ ಸಂಶಯಾಸ್ಪದ. ಹೊಸದಾಗಿ ಒಡೆದ ಮುಖದ ಮೇಲೆ ಫೀನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದಿರುವ ಭಾಗ ಗಾಢ ಗುಲಾಬಿಯಾಗುತ್ತದೆ, ಕಾರ್ಬೊನೇಷನ್ ಆದ ಭಾಗ ಬಣ್ಣವಿಲ್ಲದೆ ಉಳಿಯುತ್ತದೆ. ಗುಲಾಬಿ ಗೆರೆ ಸರಳನ್ನು ದಾಟಿ ಒಳಸರಿದಿದ್ದರೆ ಸರಳಿನ ರಕ್ಷಣೆ ಹೋಗಿದೆ ಎಂದೇ ಅರ್ಥ.

ತುಕ್ಕು ನಡೆಯುತ್ತಿದೆಯೇ ಎಂದು ಅರಿಯಲು ತಾಮ್ರ ಮತ್ತು ತಾಮ್ರದ ಸಲ್ಫೇಟಿನ ಅರ್ಧಕೋಶದಿಂದ ಸರಳಿನ ವಿದ್ಯುತ್ ವಿಭವ ಅಳೆಯುತ್ತಾರೆ. ಅದು ಋಣ 350 ಮಿಲಿವೋಲ್ಟಿಗಿಂತ ಕೆಳಗಿಳಿದರೆ ತುಕ್ಕಿನ ಸಂಭವ ಶೇಕಡಾ 90ಕ್ಕೂ ಹೆಚ್ಚು. ಕ್ಲೋರೈಡಿನ ಪ್ರಮಾಣವನ್ನು ಬೇರೆ ಬೇರೆ ಆಳದಿಂದ ತೆಗೆದ ಪುಡಿಯಲ್ಲಿ ಅಳೆಯುತ್ತಾರೆ. ಬಲದ ಬಗ್ಗೆ ಸಂದೇಹ ಉಳಿದರೆ ಉರುಳೆಯಾಕಾರದ ತುಂಡು ಕೊರೆದು ಪ್ರಯೋಗಾಲಯದಲ್ಲಿ ಅದುಮಿ ನೋಡುವುದೇ ಕೊನೆಯ ಪ್ರಮಾಣ.

ನಿತ್ಯದ ನಿರ್ವಹಣೆ

ಬಹುಪಾಲು ಕೇಡು ನೀರಿನ ದಾರಿಯಲ್ಲೇ ಬರುತ್ತದೆ. ಆದ್ದರಿಂದ ನಿರ್ವಹಣೆಯ ಮೊದಲ ಪಾಠ ನೀರಿಗೆ ಹೊರದಾರಿ ತೋರಿಸುವುದು. ಮುಂಗಾರಿಗೆ ಮುನ್ನ ತಾರಸಿ ಗುಡಿಸಿ, ನೀರಿಳಿಯುವ ಕೊಳವೆಗಳ ಬಾಯಿ ಬಿಡಿಸಬೇಕು. ತಾರಸಿಯ ಇಳಿಜಾರು ಸರಿಯಿದೆಯೇ, ನೀರು ಎಲ್ಲಾದರೂ ಮಡುಗಟ್ಟುತ್ತದೆಯೇ ನೋಡಬೇಕು. ಪ್ಯಾರಾಪೆಟ್ಟೂ ಚಾವಣಿಯೂ ಕೂಡುವ ಮೂಲೆ ಹಾಗೂ ಕೊಳವೆ ತೂರಿದ ಜಾಗಗಳು ಸೋರಿಕೆಯ ಸಾಮಾನ್ಯ ತಾಣಗಳು. ಸಜ್ಜಾದ ತಳಅಂಚಿನಲ್ಲಿ ನೀರು ಹನಿಯಾಗಿ ಕಳಚಿಕೊಳ್ಳಲು ಮಾಡಿದ ಸಣ್ಣ ತೋಡನ್ನು ಗಿಲಾವಿನಿಂದ ಮುಚ್ಚಿಬಿಡಬಾರದು. ಸಂದಿಯಲ್ಲಿ ಮೊಳೆತ ಅರಳಿ, ಆಲದ ಸಸಿಗಳನ್ನು ಎಳೆಯವಾಗಿರುವಾಗಲೇ ಬೇರುಸಹಿತ ತೆಗೆಯಬೇಕು. ಮೇಲೆ ಕತ್ತರಿಸಿ ಬಿಟ್ಟರೆ ಬೇರು ಒಳಗೇ ಬಲಿಯುತ್ತದೆ.

ಬಚ್ಚಲು, ಶೌಚಾಲಯಗಳ ಕೆಳಗೆ ತಗ್ಗಿಸಿದ ಚಪ್ಪಡಿ ನಮ್ಮ ಬಹುಮಹಡಿ ಮನೆಗಳ ದುರ್ಬಲ ತಾಣ. ಮೇಲಿನ ಮನೆಯ ಸೋರಿಕೆ ಕೆಳಗಿನ ಮನೆಯ ಚಾವಣಿಯ ಸರಳನ್ನು ತಿನ್ನುತ್ತದೆ. ಸೋರಿಕೆ ನಿಲ್ಲಿಸದೆ ಕೆಳಗಿನಿಂದ ಬಣ್ಣ ಬಳಿಯುವುದು ಕಾಯಿಲೆಯನ್ನು ಮುಚ್ಚಿಡುವ ಕೆಲಸ. ಅಂತೆಯೇ ನೀರಿನ ತೊಟ್ಟಿ ತುಂಬಿ ಹರಿಯುವುದನ್ನು ಹಗುರವಾಗಿ ಕಾಣಬಾರದು.

ಭಾರದ ಲೆಕ್ಕವೂ ನಿರ್ವಹಣೆಯ ಭಾಗವೇ. ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ ಸುಮಾರು 150 ಕಿಲೋಗ್ರಾಮ್ ಬಳಕೆಯ ಭಾರಕ್ಕೆ ವಿನ್ಯಾಸ ಮಾಡಿರುತ್ತಾರೆ. ತೋಟಕ್ಕೆಂದು ಒಂದು ಅಡಿ ಮಣ್ಣು ತುಂಬಿ ನೆನೆಸಿದರೆ 500 ಕಿಲೋಗ್ರಾಮ್ ದಾಟುತ್ತದೆ. ಸೋರಿಕೆಗೆಂದು ಹಳೆಯ ಪದರ ತೆಗೆಯದೆ ಅದರ ಮೇಲೆಯೇ ಮತ್ತೆ ಮತ್ತೆ ಗಾರೆ ಹಾಕುವುದೂ ಇದೇ ತಪ್ಪು. ಕೊಳವೆಗಾಗಿ ತೊಲೆ ಕೊರೆಯುವುದು, ಲೆಕ್ಕವಿಲ್ಲದೆ ಮಹಡಿ ಏರಿಸುವುದು ಇನ್ನೂ ದೊಡ್ಡ ತಪ್ಪುಗಳು.

ಮುಂಚಿತ ಆರೈಕೆಯ ಬೆಲೆಯನ್ನು ಡಚ್ ತಜ್ಞ ಡಿ ಸಿಟರ್ 1984ರಲ್ಲಿ ಐದರ ನಿಯಮವಾಗಿ ಹೇಳಿದ: ಕಟ್ಟುವಾಗ ಸರಿಯಾಗಿ ಮಾಡಲು 1 ರೂಪಾಯಿ ಸಾಕಾದರೆ, ತುಕ್ಕು ಆರಂಭವಾಗುವ ಮೊದಲು ಕಾಪಾಡಲು 5, ಆರಂಭವಾದ ಮೇಲೆ ರಿಪೇರಿಗೆ 25, ಎಲ್ಲ ಕೆಟ್ಟ ಮೇಲೆ 125. ಅಂಕೆಗಳು ಸ್ಥೂಲವಾದವು, ಅವು ತೋರಿಸುವ ದಾರಿ ಮಾತ್ರ ನಿಜ.

ದುರಸ್ತಿ ವಿಧಾನಗಳು

ಮೊದಲು ಜಾಕಿ, ಆಸರೆಗಳ ಮೇಲೆ ಭಾರ ಹೊರಿಸಿ ಸುರಕ್ಷಿತಗೊಳಿಸಬೇಕು. ಸಡಿಲ ಕಾಂಕ್ರೀಟನ್ನು ಸರಳಿನ ಹಿಂಬದಿಗೂ ಬೆರಳು ತೂರುವಷ್ಟು ತೆಗೆದು, ಅಂಚುಗಳನ್ನು ನೇರವಾಗಿ ಕತ್ತರಿಸುತ್ತಾರೆ. ತುಕ್ಕನ್ನು ತಂತಿ ಬ್ರಷ್ ಅಥವಾ ಮರಳಿನ ಹೊಡೆತದಿಂದ ಪೂರ್ತಿ ಕೆರೆದು, ಸರಳು ಹೆಚ್ಚು ಸವೆದಿದ್ದರೆ ಪಕ್ಕದಲ್ಲಿ ಹೊಸ ಸರಳು ಸೇರಿಸುತ್ತಾರೆ. ಸರಳಿಗೆ ರಕ್ಷಕ ಲೇಪ, ಹಳೆಯ ಕಾಂಕ್ರೀಟಿಗೆ ಅಂಟು ಲೇಪ ಬಳಿದು, ಪಾಲಿಮರ್ ಬೆರೆತ ಗಾರೆ ಅಥವಾ ಮೈಕ್ರೊ ಕಾಂಕ್ರೀಟು ತುಂಬಿ ನೀರುಣಿಸುತ್ತಾರೆ. ದೊಡ್ಡ ಮೇಲ್ಮೈಗಳಿಗೆ ಗಾಳಿಯ ಒತ್ತಡದಿಂದ ಸಿಂಪಡಿಸುವ ಗನೈಟಿಂಗ್ ವಿಧಾನವಿದೆ. ಅದರ ಯಂತ್ರ ರೂಪಿಸಿದ ಅಮೆರಿಕದ ಕಾರ್ಲ್ ಏಕ್ಲಿ ವಸ್ತುಸಂಗ್ರಹಾಲಯಗಳಿಗೆ ಪ್ರಾಣಿಗಳ ಮಾದರಿ ಮಾಡುತ್ತಿದ್ದವನು. ಬಿರುಕುಗಳಿಗೆ ಎಪಾಕ್ಸಿ ಒತ್ತಿ ತುಂಬುವ ಮೊದಲು ಬಿರುಕು ಜೀವಂತವೋ ನಿಂತಿದೆಯೋ ತಿಳಿಯಬೇಕು. ಅಲುಗುವ ಬಿರುಕನ್ನು ಬಿಗಿಯಾಗಿ ಅಂಟಿಸಿದರೆ ಪಕ್ಕದಲ್ಲೇ ಹೊಸದು ಹುಟ್ಟುತ್ತದೆ.

ತೇಪೆ ಹಾಕಿದ ಕೆಲವೇ ವರ್ಷಗಳಲ್ಲಿ ಅದರ ಅಂಚಿನ ಸುತ್ತ ಹೊಸ ತುಕ್ಕು ಕಾಣಿಸಿಕೊಳ್ಳುವುದು ಅನೇಕರ ಅನುಭವ. ತುಕ್ಕು ಒಂದು ವಿದ್ಯುದ್ರಾಸಾಯನಿಕ ಕ್ರಿಯೆ. ತೀವ್ರವಾಗಿ ತುಕ್ಕು ಹಿಡಿಯುತ್ತಿದ್ದ ಜಾಗವು ಅದೇ ಸರಳಿನ ನೆರೆಯ ಭಾಗವನ್ನು ತಿಳಿಯದಂತೆ ಕಾಯುತ್ತಿರುತ್ತದೆ. ಆ ಜಾಗವನ್ನು ಮಾತ್ರ ಸರಿಮಾಡಿದಾಗ, ಉಪ್ಪು ಉಳಿದಿರುವ ನೆರೆಯ ಭಾಗದ ರಕ್ಷಣೆ ತಪ್ಪಿ ಅಲ್ಲಿ ತುಕ್ಕು ಶುರುವಾಗುತ್ತದೆ. ಇದನ್ನು ತಡೆಯಲು ತೇಪೆಯೊಳಗೆ ಸತುವಿನ ಬಿಲ್ಲೆ ಕಟ್ಟಿ, ಉಕ್ಕಿನ ಬದಲು ಸತು ಸವೆಯುವಂತೆ ಮಾಡುತ್ತಾರೆ. ಹೊರಗಿನಿಂದ ಸಣ್ಣ ವಿದ್ಯುತ್ ಪ್ರವಾಹ ಹರಿಸುವ ಕ್ಯಾಥೋಡಿಕ್ ರಕ್ಷಣೆಯನ್ನು ಕಾಂಕ್ರೀಟು ಸೇತುವೆಗೆ 1973ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರಿಚರ್ಡ್ ಸ್ಟ್ರಾಟ್‌ಫುಲ್ ಅಳವಡಿಸಿದ. ಭಾರತದಲ್ಲಿ ಉಕ್ಕಿನ ತುಕ್ಕಿನ ಅಧ್ಯಯನಕ್ಕೆ ತಮಿಳುನಾಡಿನ ಕಾರೈಕುಡಿಯಲ್ಲಿರುವ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆ ಪ್ರಮುಖ ಕೇಂದ್ರ.

ಬಲ ಸಾಲದ ಕಂಬಗಳ ಸುತ್ತ ಹೊಸ ಸರಳು ಮತ್ತು ಕಾಂಕ್ರೀಟಿನ ಹೊದಿಕೆ ಹಾಕುವುದು, ಉಕ್ಕಿನ ಪಟ್ಟಿ ಬಿಗಿಯುವುದು, ಇಂಗಾಲದ ನಾರಿನ ಹಾಳೆ ಸುತ್ತುವುದು ಬಲವರ್ಧನೆಯ ಮಾರ್ಗಗಳು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ, ಬಹುದೂರದ ಅಹಮದಾಬಾದಿನಲ್ಲಿಯೂ ನೆಲಮಹಡಿಯನ್ನು ವಾಹನ ನಿಲುಗಡೆಗೆಂದು ಗೋಡೆಯಿಲ್ಲದೆ ಬಿಟ್ಟ ಬಹುಮಹಡಿ ಮನೆಗಳು ಕುಸಿದವು. ಇರುವ ಕಾಂಕ್ರೀಟು ಕಟ್ಟಡಗಳ ಭೂಕಂಪ ಸಾಮರ್ಥ್ಯ ಅಳೆದು ಬಲಪಡಿಸಲು 2013ರಲ್ಲಿ ಐಎಸ್ 15988 ಸಂಹಿತೆ ಬಂತು.

ಸಂಹಿತೆ ಮತ್ತು ಕಾನೂನು

ಪ್ರಬಲಿತ ಕಾಂಕ್ರೀಟಿನ ಭಾರತೀಯ ಸಂಹಿತೆ ಐಎಸ್ 456 ಮೊದಲು ಪ್ರಕಟವಾದದ್ದು 1953ರಲ್ಲಿ. 2000ದ ಪರಿಷ್ಕರಣೆ ಬಾಳಿಕೆಗೆ ಹೆಚ್ಚಿನ ಗಮನ ಕೊಟ್ಟು ಪರಿಸರವನ್ನು ಐದು ದರ್ಜೆಗಳಾಗಿ ವಿಂಗಡಿಸಿತು. ಸೌಮ್ಯ ಪರಿಸರದಲ್ಲಿ ಕನಿಷ್ಠ ಕವರ್ 20 ಮಿಲಿಮೀಟರ್, ತೀವ್ರ ಪರಿಸರದಲ್ಲಿ 45, ಅತ್ಯಂತ ಕಠಿಣ ಪರಿಸರದಲ್ಲಿ 75. ಸರಳಿರುವ ಕಾಂಕ್ರೀಟಿನಲ್ಲಿ ಕ್ಲೋರೈಡು ಘನ ಮೀಟರಿಗೆ 0.6 ಕಿಲೋಗ್ರಾಮ್ ಮೀರಬಾರದು.

ಬಳಕೆಯಲ್ಲಿರುವ ಕಟ್ಟಡಗಳ ತಪಾಸಣೆಯನ್ನು ಕಾನೂನಿನ ಹೊಣೆಯಾಗಿಸಿದ ಊರುಗಳಿವೆ. ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಗಳಿಗೆ ರಚನಾ ಭದ್ರತೆಯ ಪ್ರಮಾಣಪತ್ರ ಕಡ್ಡಾಯ. ಅಮೆರಿಕದ ಫ್ಲಾರಿಡಾದ ಸರ್ಫ್‌ಸೈಡಿನಲ್ಲಿ 1981ರಲ್ಲಿ ಕಟ್ಟಿದ 12 ಅಂತಸ್ತಿನ ಚಾಂಪ್ಲೇನ್ ಟವರ್ಸ್ ಸೌತ್ 2021ರ ಜೂನ್ 24ರ ನಸುಕಿನಲ್ಲಿ ಭಾಗಶಃ ಕುಸಿದು 98 ಮಂದಿ ಸತ್ತರು. ಈಜುಕೊಳದ ಸುತ್ತಲಿನ ಚಪ್ಪಡಿಗೆ ಇಳಿಜಾರಿಲ್ಲದೆ ನೀರು ನಿಂತು ಕಾಂಕ್ರೀಟು ಕೆಟ್ಟಿದೆಯೆಂದು 2018ರಲ್ಲೇ ಎಂಜಿನಿಯರ್ ವರದಿ ಕೊಟ್ಟಿದ್ದ. ಕುಸಿತಕ್ಕೆ ಒಂದೇ ಕಾರಣ ಹೇಳಲಾಗದಿದ್ದರೂ, ಎಚ್ಚರಿಕೆಗೂ ಕೆಲಸಕ್ಕೂ ನಡುವೆ ವರ್ಷಗಳು ಕಳೆದದ್ದು ದಾಖಲೆಯಲ್ಲಿದೆ. ಮರುವರ್ಷ ಫ್ಲಾರಿಡಾ ಹಳೆಯ ಬಹುಮಹಡಿ ವಸತಿ ಕಟ್ಟಡಗಳಿಗೆ ಕಾಲಬದ್ಧ ತಪಾಸಣೆಯ ಕಾನೂನು ತಂದಿತು. ವರದಿ ಬರೆಸುವುದರಿಂದ ಕಟ್ಟಡ ನಿಲ್ಲುವುದಿಲ್ಲ, ವರದಿಯಂತೆ ನಡೆಯಬೇಕು.

ಪಾರಂಪರಿಕ ಕಾಂಕ್ರೀಟಿನ ಸಂರಕ್ಷಣೆ

ಇಪ್ಪತ್ತನೆಯ ಶತಮಾನದ ಶ್ರೇಷ್ಠ ವಾಸ್ತುಕೃತಿಗಳಲ್ಲಿ ಅನೇಕವು ಬಣ್ಣ ಬಳಿಯದ ಕಾಂಕ್ರೀಟಿನವು. ಇಲ್ಲಿ ಸಾಮಾನ್ಯ ದುರಸ್ತಿಯ ರೀತಿ ನಡೆಯದು. ಸಾಮಾನ್ಯ ದುರಸ್ತಿ ಧಾರಾಳವಾಗಿ ಒಡೆದು ತುಂಬುತ್ತದೆ. ಸಂರಕ್ಷಣೆ ಎಷ್ಟು ಕಡಿಮೆ ಒಡೆಯಬಹುದೆಂದು ಲೆಕ್ಕ ಹಾಕುತ್ತದೆ. ಸೆಂಟ್ರಿಂಗ್ ಹಲಗೆಯ ನಾರಿನ ಗುರುತು, ಜಲ್ಲಿಯ ಬಣ್ಣ, ಮಳೆ ಬಿಸಿಲು ತಂದ ಮಾಸಲು ಇವೆಲ್ಲ ಕಟ್ಟಡದ ಚಹರೆ. ತೇಪೆಯ ಸಿಮೆಂಟು, ಮರಳು, ಜಲ್ಲಿ ಮೂಲಕ್ಕೆ ಹೊಂದಬೇಕು. ಮರೆಯಲ್ಲಿ ಮಾದರಿ ತೇಪೆ ಹಾಕಿ, ಅದು ಒಣಗಿ ಬಣ್ಣ ತಿರುಗುವವರೆಗೆ ಕಾದು ನೋಡಿಯೇ ಮುಂದುವರಿಯಬೇಕು. ತೇಪೆ ಕಾಣದಿರಲೆಂದು ಇಡೀ ಕಟ್ಟಡಕ್ಕೆ ಬಣ್ಣ ಬಳಿದರೆ ಕಳೆದ ಮೇಲ್ಮೈ ಮರಳಿ ಬರುವುದಿಲ್ಲ.

ಆಧುನಿಕ ವಾಸ್ತುವಿನ ದಾಖಲಾತಿ ಮತ್ತು ರಕ್ಷಣೆಗೆ 1988ರಲ್ಲಿ ನೆದರ್ಲೆಂಡ್ಸಿನಲ್ಲಿ ಡೊಕೊಮೊಮೊ ಎಂಬ ಸಂಸ್ಥೆ ಹುಟ್ಟಿತು. ಇಪ್ಪತ್ತನೆಯ ಶತಮಾನದ ಪರಂಪರೆಯ ಬಗ್ಗೆ ಅಂತಾರಾಷ್ಟ್ರೀಯ ಸ್ಮಾರಕ ಮಂಡಳಿ ಇಕೊಮೊಸ್ 2011ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ ತತ್ತ್ವಗಳಿಗೆ ಮ್ಯಾಡ್ರಿಡ್–ನವದೆಹಲಿ ದಸ್ತಾವೇಜು ಎಂದು ಹೆಸರು. ಅಮೆರಿಕದಲ್ಲಿ ಫ್ರಾಂಕ್ ಲಾಯ್ಡ್ ರೈಟ್ ರೂಪಿಸಿದ ಫಾಲಿಂಗ್‌ವಾಟರ್ ಮನೆಯ, ಝರಿಯ ಮೇಲೆ ಚಾಚಿದ ತಾರಸಿಗಳು ದಶಕಗಳಿಂದ ಜಗ್ಗುತ್ತಿದ್ದವು. 2002ರಲ್ಲಿ ನೆಲದ ಕಲ್ಲುಗಳಿಗೆ ಸಂಖ್ಯೆ ಬರೆದು ಎತ್ತಿ, ಕೆಳಗಿನ ತೊಲೆಗಳನ್ನು ಉಕ್ಕಿನ ಕೇಬಲ್ಲುಗಳಿಂದ ಬಿಗಿದು, ಕಲ್ಲುಗಳನ್ನು ಮೊದಲಿದ್ದ ಜಾಗದಲ್ಲೇ ಕೂಡಿಸಿದರು. ಬಲ ಬಂತು, ನೋಟ ಬದಲಾಗಲಿಲ್ಲ.

ಭಾರತದಲ್ಲಿ ಎರಡೂ ಬಗೆಯ ಪಾಠಗಳಿವೆ. ಲ ಕಾರ್ಬೂಸಿಯೆ ರೂಪಿಸಿದ ಚಂಡೀಗಢದ ಕ್ಯಾಪಿಟಲ್ ಸಂಕೀರ್ಣ 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದೇ ಊರಿನಲ್ಲಿ ಪಿಯೇರ್ ಜಾನ್‌ರೆ ರೂಪಿಸಿದ ಗಾಂಧಿ ಭವನದ ಸಂರಕ್ಷಣಾ ಯೋಜನೆಗೆ ಗೆಟ್ಟಿ ಪ್ರತಿಷ್ಠಾನ ಅನುದಾನ ಕೊಟ್ಟಿತು. ಆದರೆ ದೆಹಲಿಯ ಪ್ರಗತಿ ಮೈದಾನದಲ್ಲಿ ರಾಜ್ ರೇವಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ 1972ರಲ್ಲಿ ಕಟ್ಟಿದ, ಕಾಂಕ್ರೀಟಿನ ತ್ರಿಕೋನ ಜಾಲದ ಹಾಲ್ ಆಫ್ ನೇಷನ್ಸ್ 2017ರ ಏಪ್ರಿಲ್‌ನಲ್ಲಿ ನೆಲಸಮವಾಯಿತು. 60 ವರ್ಷ ತುಂಬದ್ದು ಪರಂಪರೆಯಲ್ಲ ಎಂಬ ಮಾನದಂಡ ಅದರ ರಕ್ಷಣೆಗೆ ಅಡ್ಡ ಬಂತು. ಬಾಲಕೃಷ್ಣ ದೋಶಿ ಒರಟು ಗ್ರಾನೈಟು ಮತ್ತು ಬಯಲು ಕಾಂಕ್ರೀಟಿನಲ್ಲಿ ರೂಪಿಸಿದ ಬೆಂಗಳೂರಿನ ಐಐಎಂ ಆವರಣದಂಥ ಕೃತಿಗಳೂ ಇನ್ನೂ ಆ ವಯಸ್ಸು ಮುಟ್ಟಿಲ್ಲ. ಮೌಲ್ಯವನ್ನು ವಯಸ್ಸಿನಿಂದಷ್ಟೇ ಅಳೆದರೆ ಇಂಥವು ಪರಂಪರೆ ಎನಿಸಿಕೊಳ್ಳುವ ಮೊದಲೇ ಅಳಿದಾವು.

ಎರಡು ನಿದರ್ಶನಗಳು

ಜಪಾನಿನ ಹಶಿಮಾ ದ್ವೀಪದಲ್ಲಿ ಕಲ್ಲಿದ್ದಲು ಗಣಿಯವರಿಗಾಗಿ 1916ರಲ್ಲಿ ಕಟ್ಟಿದ ಪ್ರಬಲಿತ ಕಾಂಕ್ರೀಟಿನ ವಸತಿಗೃಹ ಆ ದೇಶದ ಅತಿ ಹಳೆಯವುಗಳಲ್ಲಿ ಒಂದು. 1974ರಲ್ಲಿ ಗಣಿ ಮುಚ್ಚಿ ಜನ ದ್ವೀಪ ಬಿಟ್ಟರು. ಅಲ್ಲಿಂದೀಚೆಗೆ ಕಡಲಿನ ಉಪ್ಪು, ಗಾಳಿ, ಅಲೆಗಳಿಗೆ ಮೈಯೊಡ್ಡಿದ ಕಟ್ಟಡಗಳ ತೊಲೆಗಳು ಒಂದೊಂದಾಗಿ ಕಳಚುತ್ತಿವೆ.

ಪುದುಚೇರಿಯ ಅರವಿಂದಾಶ್ರಮದ ವಸತಿಗೃಹ ಗೋಲ್ಕೊಂಡೆಯೂ ಕಡಲ ಬಳಿಯದೇ. ಅಂಟೋನಿನ್ ರೇಮಂಡ್ ವಿನ್ಯಾಸದ ಈ ಕಟ್ಟಡದ ಕೆಲಸ 1937ರಲ್ಲಿ ತೊಡಗಿತು. ಜಾರ್ಜ್ ನಾಕಾಶಿಮಾ ಮತ್ತು ಫ್ರಾಂಟಿಶೆಕ್ ಸಾಮರ್ ಸ್ಥಳದಲ್ಲಿ ನಿಂತು ಕಟ್ಟಿಸಿದರು, ಆಶ್ರಮವಾಸಿಗಳೇ ಕೈಜೋಡಿಸಿದರು. ಕಿಟಕಿಗಾಜಿನ ಬದಲು ತೆರೆದು ಮುಚ್ಚಬಲ್ಲ ಅಡ್ಡ ಪಟ್ಟಿಗಳು, ಗಿಲಾವಿಲ್ಲದ ಕಾಂಕ್ರೀಟು ಇದರ ಲಕ್ಷಣ. ಅಲ್ಲಿ ಇಂದಿಗೂ ಜನ ವಾಸಿಸುತ್ತಾರೆ. ನಿಯಮದಂತೆ ಗುಡಿಸುವುದು, ಒರೆಸುವುದು, ಸಣ್ಣ ಕೇಡು ಕಂಡೊಡನೆ ಸರಿಪಡಿಸುವುದು ಅಲ್ಲಿನ ದಿನಚರಿ. ಅದೇ ಉಪ್ಪುಗಾಳಿ ಬೀಸುತ್ತಿದ್ದರೂ ಎಂಬತ್ತು ವರ್ಷ ದಾಟಿದ ಆ ಕಟ್ಟಡ ಗಟ್ಟಿಯಾಗಿ ನಿಂತಿದೆ. ಕಾಂಕ್ರೀಟನ್ನು ಉಳಿಸುವ ರಸಾಯನಗಳೂ ಯಂತ್ರಗಳೂ ಹಲವು ಬಂದಿವೆ. ಅವೆಲ್ಲಕ್ಕೂ ಮೊದಲು ಬೇಕಾದದ್ದು, ಮಳೆಗಾಲಕ್ಕೆ ಮುನ್ನ ಪೊರಕೆ ಹಿಡಿದು ತಾರಸಿ ಏರುವ ಒಬ್ಬ ಮನುಷ್ಯ.